ಹದಿನೇಳು ಅಂಕದ ಹಲಸು

ಮಂಗಳೂರಿನ ಒಂದು ಬೇಸಿಗೆ ಶಿಬಿರದಿಂದ ಅಕ್ಕನ ಮಗಳು ನಾಲ್ಕು ಪುಟದ ಜೆರಾಕ್ಸ್ ತಂದಿದ್ದಾಳೆ. ಸ್ಕ್ರ್ಯಾಬಲ್ ಆಟಕ್ಕೆ ಬೇಕಾಗುವ ಇಂಗ್ಲಿಷಿನ ಪುಟ್ಟ ಪದಗಳ ಪಟ್ಟಿ ಅದು. ಕ್ಯೂ ಇರುವ ಪದಗಳು, ಝಡ್ ಇರುವವು, ಎಕ್ಸ್ ಮತ್ತು ಜೆ ಇರುವವು, ಎದುರಿಗೆ ಒಂದೊಂದು ಸಾಲಿನ ಇಂಗ್ಲಿಷ್ ಅರ್ಥ. ಮೇಲೆ ದಪ್ಪ ಅಕ್ಷರದಲ್ಲಿ ‘ನಿಮ್ಮ ಶಬ್ದಸಂಪತ್ತು ಹೆಚ್ಚಿಸಿಕೊಳ್ಳಿ’ ಅಂತ ಉಂಟು. ನನ್ನ ತಕರಾರು ಪಟ್ಟಿಯ ಮೇಲಲ್ಲ, ಆ ತಲೆಬರಹದ ಮೇಲೆ.

ಆಟದ ಸಾಮಾನು ಅಂತ ನೋಡಿದರೆ ಪಟ್ಟಿ ಚೆನ್ನಾಗಿಯೇ ಇದೆ. ಸ್ಕ್ರ್ಯಾಬಲ್‌ನ ನೂರು ಬಿಲ್ಲೆಗಳಲ್ಲಿ ಕ್ಯೂ ಒಂದೇ ಒಂದು, ಅದಕ್ಕೆ 10 ಅಂಕ. ಅದು ಕೈಗೆ ಬಂದು ಯು ಬರದಿದ್ದರೆ ಕೂತವರ ಮುಖ ಸಣ್ಣದಾಗುತ್ತದೆ. ಆಗ ಕ್ಯೂ-ಐ ಎಂಬ ಎರಡಕ್ಷರ ಕಾಪಾಡುತ್ತದೆ. ಗೆಲ್ಲಲಿಕ್ಕೆ ಅರ್ಥ ಬೇಕಾಗಿಯೇ ಇಲ್ಲ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವ ಚಾಂಪಿಯನ್ ಆದರು, ಅವರಿಗೆ ಫ್ರೆಂಚ್ ಮಾತಾಡಲು ಬರುತ್ತಿರಲಿಲ್ಲ. 2024ರಲ್ಲಿ ಸ್ಪ್ಯಾನಿಷ್‌ನಲ್ಲೂ ಹಾಗೇ ಗೆದ್ದರು. ನಮ್ಮ ಕೋಡಿಂಗ್ ಭಾಷೆಯಲ್ಲಿ ಹೇಳುವುದಾದರೆ ಇದು ಬರೀ ‘ಸೆಟ್’. ಪದ ಒಳಗಿದೆಯಾ ಇಲ್ಲವಾ ಅಂತ ಕೇಳಬಹುದು, ಅಷ್ಟೇ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಗಾದೆ ಈ ಆಟಕ್ಕೆ ಸರಿಯಾಗಿ ಕೂರುತ್ತದೆ. ಎತ್ತು ಈಯುತ್ತದಾ ಅಂತ ಇಲ್ಲಿ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ತೊಂದರೆ ಶುರುವಾಗುವುದು ಪಕ್ಕದ ಅರ್ಥದ ಅಂಕಣದಲ್ಲಿ. ಕ್ಯೂ-ಐ ಎದುರು ‘ಜೀವಶಕ್ತಿ’ ಎಂದಿದೆ. ಅದು ಚೀನೀ ಪದ, ಉಚ್ಚಾರ ‘ಚೀ’ ಎಂದು ಎಲ್ಲೂ ಇಲ್ಲ. ಹುಡುಗಿ ‘ಕ್ವಿ’ ಅಂತ ಓದುತ್ತಾಳೆ. (ನಿಜವಾದ ಉಚ್ಚಾರ ಹೇಳಿಕೊಟ್ಟಾಗ, ಯಾರಿಗೆ ಬೈದದ್ದು ಅಂತ ಕೇಳಿದಳು.) ಎ-ಐ ಎಂದರೆ ಇಲ್ಲಿ ನಾನು ಆಫೀಸಿನಲ್ಲಿ ದಿನಾ ಕೇಳುವ ಎಐ ಅಲ್ಲ. ಹ್ರಸ್ವರೂಪಗಳಿಗೆ ಆಟದಲ್ಲಿ ಪ್ರವೇಶವಿಲ್ಲ. ಅದು ದಕ್ಷಿಣ ಅಮೆರಿಕದ ಕಾಡಿನಲ್ಲಿ ಮರಕ್ಕೆ ಜೋತುಬಿದ್ದು ದಿನ ಕಳೆಯುವ ಒಂದು ಸೋಮಾರಿ ಪ್ರಾಣಿ, ಹೆಸರು ಬ್ರೆಜಿಲಿನ ತುಪಿ ಭಾಷೆಯದ್ದು. ಕ್ಯೂ-ಎ-ಟಿ ಎದುರು ‘ಒಂದು ಪೊದೆ’ ಎಂದಿದೆ. ಯೆಮೆನ್, ಇಥಿಯೋಪಿಯಾದ ಕಡೆ ಜನ ಗುಂಪಾಗಿ ಕೂತು ಗಂಟೆಗಟ್ಟಲೆ ದವಡೆಯಲ್ಲಿಟ್ಟುಕೊಂಡು ಜಗಿಯುವ, ಸ್ವಲ್ಪ ಅಮಲೇರಿಸುವ ಎಲೆ ಅದು. ಎಲೆಯಡಿಕೆ ತಟ್ಟೆ ಕಂಡ ಮನೆಯ ಮಗುವಿಗೆ ಇದನ್ನು ಅರ್ಥ ಮಾಡಿಸಲು ಎರಡು ವಾಕ್ಯ ಸಾಕಿತ್ತು. ವೀಳ್ಯದೆಲೆಯನ್ನು ‘ಒಂದು ಬಳ್ಳಿ’ ಅಂದರೆ ನಾವು ಒಪ್ಪುತ್ತೇವಾ?

ಆದರೆ ನನಗೆ ನಿಜವಾಗಿ ಕೆಣಕಿದ್ದು ಜೆ ಪುಟ. ಜ್ಯಾಕ್: ಜೆಗೆ 8, ಎಗೆ 1, ಸಿಗೆ 3, ಕೆಗೆ 5, ಒಟ್ಟು 17 ಅಂಕ. ಅರ್ಥ: ‘ಭಾರ ಎತ್ತುವ ಸಾಧನ’. ಹಲಸಿನ ಹಣ್ಣಿಗೂ ಇಂಗ್ಲಿಷಿನಲ್ಲಿ ಇದೇ ಹೆಸರು, ಅದು ಹೋದದ್ದು ನಮ್ಮ ಕರಾವಳಿಯಿಂದಲೇ. ಮಲಯಾಳದ ‘ಚಕ್ಕ’ ಪೋರ್ಚುಗೀಸರ ಬಾಯಲ್ಲಿ ‘ಜಾಕ’ ಆಗಿ, ಇಂಗ್ಲಿಷಿನಲ್ಲಿ ಜ್ಯಾಕ್ ಆಯಿತು. ಹಗ್ಗ ಹೊಸೆಯುವ ನಾರಿನ ‘ಕಾಯರ್’ ಕೂಡ ಮಲಯಾಳದ ಕಯರು. ‘ಕೋಪ್ರಾ’ ನಮ್ಮ ಕೊಬ್ಬರಿಯ ದಾಯಾದಿ. ಮನೆಯಲ್ಲಿ ಗುಜ್ಜೆ ಪಲ್ಯ ತಿಂದು ಶಿಬಿರಕ್ಕೆ ಹೋದ ಮಗುವಿಗೆ ಜ್ಯಾಕ್ ಎಂದರೆ ಕಾರಿನ ಟಯರ್ ಬದಲಿಸುವ ಸಾಮಾನು ಮಾತ್ರ ಅಂತ ಕಲಿಸಿ ಕಳಿಸಿದ್ದಾರೆ.

ಇದು ನಡೆದದ್ದು ಮಂಗಳೂರಿನಲ್ಲಿ, ಅದೇ ಬೇಜಾರು. ಇಲ್ಲಿನ ಬಾಸೆಲ್ ಮಿಷನ್‌ನಿಂದ ಮೂರು ಭಾಷೆಯ ದೊಡ್ಡ ನಿಘಂಟುಗಳು ಹೊರಬಂದಿವೆ. 1872ರಲ್ಲಿ ಗುಂಡರ್ಟ್ ಅವರ ಮಲಯಾಳ ನಿಘಂಟು, 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟು, 1894ರಲ್ಲಿ ಕಿಟ್ಟೆಲ್ ಅವರ ಕನ್ನಡ ನಿಘಂಟು. ಕಿಟ್ಟೆಲ್ ಕೋಶ ಬಿಡಿಸಿದರೆ ಅರ್ಥದ ಜೊತೆ ಬಳಕೆ, ಗಾದೆ, ತಮಿಳು-ತುಳು-ಮಲಯಾಳದಲ್ಲಿರುವ ಆ ಪದದ ನೆಂಟರು ಎಲ್ಲ ಸಿಗುತ್ತಾರೆ. ಚಿಕ್ಕ ಪದ ಎಂದರೆ ಚಿಕ್ಕ ಕೆಲಸ ಅಂತ ಆ ಪುಣ್ಯಾತ್ಮರು ತಿಳಿಯಲಿಲ್ಲ.

ಕನ್ನಡದ ಚಿಕ್ಕ ಪದಗಳಿಗೆ ಹೊಟ್ಟೆ ದೊಡ್ಡದು. ‘ಮೀ’ ಎಂದರೆ ಸ್ನಾನ ಮಾಡು, ನಮ್ಮ ಕಡೆ ಈಗಲೂ ‘ಮಿಂದು ಬಾ’ ಅಂತಾರೆ. ‘ಈ’ ಎಂದರೆ ಹತ್ತಿರದ್ದನ್ನು ತೋರಿಸುವ ಪದ, ಹಳಗನ್ನಡದಲ್ಲಿ ಕೊಡು ಎಂತಲೂ ಹೌದು. ‘ಕಾಯು’ ತೆಗೆದುಕೊಳ್ಳಿ: ಹಂಡೆಯಲ್ಲಿ ನೀರು ಕಾಯುತ್ತದೆ, ನಾಯಿ ಅಂಗಳ ಕಾಯುತ್ತದೆ, ನಾವು ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸಿಗೆ ಕಾಯುತ್ತೇವೆ. ಇದನ್ನು ಒಂದು ಸಾಲಿನಲ್ಲಿ ಹೇಗೆ ಮುಗಿಸುತ್ತೀರಿ?

ನಾನು ಕಲಿತ ಹಳ್ಳಿಯ ಕನ್ನಡ ಶಾಲೆಯಲ್ಲೂ ಇಂಗ್ಲಿಷ್ ಪದಗಳನ್ನು ಉರು ಹೊಡೆಸುತ್ತಿದ್ದರು. ಬೋರ್ಡಿನ ಎಡಕ್ಕೆ ಪದ, ಬಲಕ್ಕೆ ಅರ್ಥ. ವ್ಯತ್ಯಾಸ ಏನೆಂದರೆ ಬಲಗಡೆ ಕನ್ನಡ ಇರುತ್ತಿತ್ತು. ಪದ ಬಂದು ನಮ್ಮ ಮನೆಯ ಯಾವುದಾದರೂ ವಸ್ತುವಿನ ಮೇಲೆ ಕೂರುತ್ತಿತ್ತು. ಈ ಜೆರಾಕ್ಸಿನ ಪದಗಳಿಗೆ ಕೂರಲು ಜಾಗವಿಲ್ಲ. ಮುಂದಿನ ವರ್ಷ ಶಿಬಿರದವರು ಅರ್ಥದ ಅಂಕಣ ತೆಗೆದು ‘ಆಟಕ್ಕೆ ಬೇಕಾದ ಪದಗಳು’ ಅಂತ ಹೆಸರಿಡಲಿ, ಕಾಗದವೂ ಉಳಿಯುತ್ತದೆ. ಅರ್ಥ ಕೊಡಲೇಬೇಕು ಅಂತಿದ್ದರೆ ಇಪ್ಪತ್ತೇ ಪದ ಸಾಕು, ಜ್ಯಾಕ್‌ನಿಂದ ಶುರು ಮಾಡಲಿ.