ಬಣ್ಣ ಯಾರ ಬದುಕಿನಲ್ಲಿ? – ‘ಲೂಸಿಯಾ’ ಚಿತ್ರವನ್ನು ಕುರಿತು

ತನ್ನಲ್ಲಿ ಇಲ್ಲದಿರುವುದರ ಮೇಲೆಯೇ ಮನುಷ್ಯನ ಕಣ್ಣು. ಈ ಹಳೆಯ ಸತ್ಯವನ್ನು ಹೊಸ ರೀತಿಯಲ್ಲಿ ನಮ್ಮ ಮುಂದಿರಿಸಿದ ಕನ್ನಡ ಚಿತ್ರ, ಪವನ್ ಕುಮಾರ್ ನಿರ್ದೇಶನದ ‘ಲೂಸಿಯಾ’. ಮನಸ್ಸಿನ ಒಳಸುಳಿಗಳನ್ನೇ ರೋಚಕ ಕಥೆಯಾಗಿಸಿದ ಈ ಚಿತ್ರ 2013ರ ಸೆಪ್ಟೆಂಬರಿನಲ್ಲಿ ತೆರೆಕಂಡಿತು. ಬೆಳೆದ ಮಕ್ಕಳೊಡನೆ ಹೆತ್ತವರು ಕುಳಿತು ನೋಡಿ ಚರ್ಚಿಸಬಹುದಾದ ಚಿತ್ರ ಇದು.

ಇದು ರೂಪುಗೊಂಡ ಬಗೆಯೂ ಗಮನಾರ್ಹ. ದೊಡ್ಡ ನಿರ್ಮಾಪಕರನ್ನು ನೆಚ್ಚಿಕೊಳ್ಳದೆ ನಿರ್ದೇಶಕರು ಅಂತರಜಾಲದ ಮೂಲಕ ಪ್ರೇಕ್ಷಕರನ್ನೇ ಕೇಳಿಕೊಂಡರು. ನೂರಕ್ಕೂ ಹೆಚ್ಚು ಮಂದಿ ನೀಡಿದ ಸುಮಾರು 50 ಲಕ್ಷ ರೂಪಾಯಿ ಬಂಡವಾಳವಾಯಿತು. ಅದೇ ವರ್ಷ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿ ಇದಕ್ಕೆ ಸಂದಿತು. 2015ರಲ್ಲಿ ತಮಿಳಿನಲ್ಲಿಯೂ ಮರುನಿರ್ಮಾಣಗೊಂಡಿತು.

ಬೆಂಗಳೂರಿನ ಹಳೆಯ ಚಿತ್ರಮಂದಿರವೊಂದರಲ್ಲಿ ಟಾರ್ಚ್ ಹಿಡಿದು ಆಸನ ತೋರಿಸುವ ನಿಕ್ಕಿಗೆ ನಿದ್ದೆ ಬಾರದು. ಆತನಿಗೆ ದೊರೆಯುವ ‘ಲೂಸಿಯಾ’ ಎಂಬ ಗುಳಿಗೆ ನಿದ್ದೆಯೊಂದಿಗೆ ಕನಸನ್ನೂ ಕೊಡುತ್ತದೆ. ಒಂದು ರಾತ್ರಿ ನಿಂತ ಕನಸು ಮರುರಾತ್ರಿ ಮುಂದುವರಿಯುತ್ತದೆ. ಅಲ್ಲಿ ಆತ ಪ್ರಖ್ಯಾತ ನಟ. ಎರಡೂ ಬಾಳಿನಲ್ಲಿ ಕಾಣಿಸುವ ಮುಖಗಳು ಅವೇ, ಸಂಬಂಧಗಳು ಮಾತ್ರ ಬೇರೆ. ಸತೀಶ್ ನೀನಾಸಂ, ಶ್ರುತಿ ಹರಿಹರನ್, ಅಚ್ಯುತ್ ಕುಮಾರ್ ಈ ಇಬ್ಬಗೆಯನ್ನು ಸಹಜವಾಗಿ ನಿಭಾಯಿಸಿದ್ದಾರೆ.

ಟಾರ್ಚ್ ಹಿಡಿದವನ ಬದುಕು ಬಣ್ಣದಲ್ಲಿದೆ, ನಟನ ಬದುಕು ಕಪ್ಪು–ಬಿಳುಪಿನಲ್ಲಿದೆ. ಕನಸಾದ್ದರಿಂದ ಬಣ್ಣವಿಲ್ಲವೆಂದು ನಾವು ಭಾವಿಸುತ್ತೇವೆ. ಕೊನೆಗೆ ತಿಳಿಯುವುದೇ ಬೇರೆ: ನಟನ ಬಾಳೇ ನಿಜ, ಬಡವನ ಬಾಳೇ ಕನಸು! ಎಲ್ಲವೂ ಇದ್ದವನು ಯಾರೂ ಗುರುತಿಸದ ಸಾಮಾನ್ಯ ಬದುಕಿಗಾಗಿ ಹಂಬಲಿಸಿದ್ದಾನೆ. ಈ ತಿರುವು ಕೇವಲ ಚಮತ್ಕಾರವಲ್ಲ. ಕೀರ್ತಿಯ ಬಗ್ಗೆ ಚಿತ್ರ ನೀಡುವ ತೀರ್ಪು ಅದು.

ಆದರೆ ಈ ತೀರ್ಪನ್ನು ಪ್ರಶ್ನಿಸದೆ ಒಪ್ಪಲಾಗದು. ಸಿರಿವಂತನ ಕನಸಿನಲ್ಲಿ ಬರುವ ಬಡತನಕ್ಕೆ ಬಣ್ಣವಿರಬಹುದು; ತಿಂಗಳ ಕೊನೆಯಲ್ಲಿ ಮನೆ ಬಾಡಿಗೆ ಕಟ್ಟಬೇಕಾದವನ ಬಡತನಕ್ಕೆ ಆ ಬಣ್ಣ ಎಲ್ಲಿಂದ ಬರಬೇಕು? ನಿಕ್ಕಿ ಒಲಿದ ಹುಡುಗಿಗೂ ಅವನ ಕೆಲಸದ ಬಗ್ಗೆ ಸಂಕೋಚವಿದೆ. ಈ ನೋವನ್ನು ಚಿತ್ರ ಮುಟ್ಟುತ್ತದೆ, ಆದರೆ ಕೊನೆಯಲ್ಲಿ ಅದನ್ನೂ ನಟನ ಕನಸಿನ ಭಾಗವಾಗಿಸಿಬಿಡುತ್ತದೆ. ನಿಜವಾಗಿ ಟಾರ್ಚ್ ಹಿಡಿದು ಬಾಳಿದವನಿಗೆ ಕಥೆಯಲ್ಲಿ ಸ್ಥಳವೇ ಉಳಿಯುವುದಿಲ್ಲ. ಇಷ್ಟು ಸೂಕ್ಷ್ಮವಾದ ಕೃತಿಯ ಕೊರತೆಯೆಂದರೆ ಇದೇ.

ಆದರೂ ಚಿತ್ರ ಎತ್ತುವ ಪ್ರಶ್ನೆ ನಮ್ಮದೇ. ಪಡೀಲಿನ ಮಂಗಳೂರು ಜಂಕ್ಷನ್ ನಿಲ್ದಾಣದಿಂದ ನಮ್ಮ ಎಷ್ಟೋ ತರುಣ ತರುಣಿಯರು ದೂರದ ನಗರಗಳಿಗೆ ರೈಲು ಹತ್ತುತ್ತಾರೆ. ಹೋಗುವುದು ತಪ್ಪಲ್ಲ, ದುಡಿಮೆ ಬೇಕು, ಏಳಿಗೆಯೂ ಬೇಕು. ಊರಿನಲ್ಲಿ ಉಳಿದವರು ಹೋದವರ ಬಾಳಿಗೆ ಬಣ್ಣ ಬಳಿಯುತ್ತಾರೆ, ಹೋದವರು ಊರಿನ ಅಂಗಳವನ್ನು ಕನಸುತ್ತಾರೆ. ಹೀಗೆ ಇಬ್ಬರಿಗೂ ಕೈಯಲ್ಲಿರುವ ದಿನ ಮಂಕಾಗಿ ಕಾಣುತ್ತದೆ.

ನಿದ್ದೆಗೆಟ್ಟವನಿಗೆ ಚಿತ್ರದಲ್ಲಿ ದೊರೆತದ್ದು ಬೀದಿಯಲ್ಲಿ ಸಿಕ್ಕ ಗುಳಿಗೆ. ಅವನ ಅಳಲಿಗೆ ಕಿವಿಗೊಡುವ ಒಬ್ಬ ಆತ್ಮೀಯ ಸಿಕ್ಕಿದ್ದರೆ? ನಮ್ಮ ಮನೆಗಳಲ್ಲಿಯೂ ನಡುರಾತ್ರಿ ಎಚ್ಚರವಿರುವ ಕಣ್ಣುಗಳಿವೆ. ಚಿತ್ರ ನೋಡಿ ಮುಗಿಸಿದ ಮೇಲೆ ಕಥೆಯ ಒಗಟನ್ನು ಬಿಡಿಸುವುದರ ಜೊತೆಗೆ, ಪಕ್ಕದಲ್ಲಿ ಕುಳಿತಿರುವ ಮಗನನ್ನೋ ಮಗಳನ್ನೋ ಒಂದು ಮಾತು ಕೇಳಿ: ನಿನಗೆ ನಿದ್ದೆ ಚೆನ್ನಾಗಿ ಬರುತ್ತಿದೆಯೇ?