ಕೌದಿ ಯಾರ ಕಲೆ?

ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹಳೇ ಸೀರೆ, ಅಂಗಿಗಳ ತುಂಡು ಸೇರಿಸಿ ಹೊಲಿಯುವ ಕೌದಿ 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡಿತು. ಸರಿ. ಆದರೆ ಸೌಂದರ್ಯಮೀಮಾಂಸೆ ಪಾಠ ಮಾಡುವ ನನಗೇ ಇದು ನೆನಪಾಗಿರಲಿಲ್ಲವಲ್ಲ! ನಮ್ಮವ್ವನೂ ಕೌದಿ ಹೊಲಿದವಳೇ. ಹಾಸ್ಟೆಲ್ಲಿನಲ್ಲಿ ನಾನದನ್ನು ಬಡತನ ಅಂತ ಮುಚ್ಚಿಟ್ಟೆ. ಸಿದ್ದಿ ಕೌದಿ ಅಂಚಿನಿಂದ ಶುರುವಾಗಿ ನಡುವಿಗೆ ಬರುತ್ತದೆ. ಮೂಲೆಗಳಿಗೆ ಮಡಿಚಿದ ಬಟ್ಟೆಯ 'ಫೂಲ' ಇಡದಿದ್ದರೆ ಕೌದಿ ಬೆತ್ತಲೆ ಅಂತಾರೆ. ಹೊದೆಯೋಕೆ ಆ ಹೂವು ಬೇಕಿಲ್ಲ, ಚೆಂದಕ್ಕೆ ಬೇಕು. ಬಡವರ ಕಲೆ ಬರೀ ಅಗತ್ಯದ್ದು ಅನ್ನುವ ವಿಮರ್ಶೆ, ನಮ್ಮ ಬಂಡಾಯದ್ದೂ ಸೇರಿ, ಈ ಫೂಲದ ಮುಂದೆ ತಡವರಿಸುತ್ತದೆ. ಇನ್ನು ಫ್ಯಾಶನ್ ಡಿಸೈನರುಗಳು ಇದರಿಂದ 'ಸ್ಫೂರ್ತಿ' ಪಡೆಯಲಿ, ಬೇಡ ಅನ್ನೋಲ್ಲ. ಹೊಲಿದವಳ ಹೆಸರು, ಕೂಲಿ ಎಲ್ಲಿ ಬರೆಯುತ್ತೀರಿ, ಅಷ್ಟು ಹೇಳಿ.