ಮೈಕೆಲ್ ಬ್ರೆಚರ್: ನಿರ್ಣಯದ ಚೌಕಟ್ಟು ಮತ್ತು ಒಕ್ಕೂಟದ ಪ್ರಶ್ನೆ

ವಿದೇಶಾಂಗ ನೀತಿಯಲ್ಲಿ ‘ನಿರ್ಣಯ ಕೈಗೊಂಡವರು ಯಾರು, ಅವರು ಲೋಕವನ್ನು ಹೇಗೆ ಕಂಡರು?’ ಎಂಬ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಎತ್ತಿದವರಲ್ಲಿ ಮೈಕೆಲ್ ಬ್ರೆಚರ್ (1925-2022) ಪ್ರಮುಖರು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಈ ವಿದ್ವಾಂಸರ ಆರಂಭದ ಕೃಷಿಯೆಲ್ಲ ಭಾರತ ಉಪಖಂಡವನ್ನು ಕುರಿತದ್ದು. 1953ರಲ್ಲಿ ಕಾಶ್ಮೀರ ವಿವಾದದ ಅಧ್ಯಯನ, 1959ರಲ್ಲಿ ನೆಹರೂ ಅವರ ರಾಜಕೀಯ ಜೀವನಚರಿತ್ರೆ, 1968ರಲ್ಲಿ ಕೃಷ್ಣ ಮೆನನ್ ಅವರೊಡನೆ ನಡೆಸಿದ ಸಂವಾದಗಳ ಸಂಪುಟ ಪ್ರಕಟವಾದವು. ಮೂರನೆಯದು ಇಂದಿಗೂ ಸ್ವಾರಸ್ಯಕರ. ಮೆನನ್ ಅವರ ಕೊಂಕುಮಾತು ಸಂಶೋಧಕರ ಪ್ರಶ್ನಾವಳಿಗೆ ಸುಲಭವಾಗಿ ಬಗ್ಗುವುದಲ್ಲ.

1972ರಲ್ಲಿ ಇಸ್ರೇಲನ್ನು ಕುರಿತು ಬರೆದ ಗ್ರಂಥದಲ್ಲಿ ಅವರ ಚೌಕಟ್ಟು ಪೂರ್ಣರೂಪ ಪಡೆಯಿತು. ವಾಸ್ತವ ಪರಿಸರ ಒಂದು, ನಾಯಕರ ಮನಸ್ಸಿನಲ್ಲಿ ಮೂಡಿದ ಪರಿಸರ ಇನ್ನೊಂದು. ನಿರ್ಣಯ ಹುಟ್ಟುವುದು ಎರಡನೆಯದರಿಂದ. ಈ ಒಳನೋಟ ಬೆಲೆಯುಳ್ಳದ್ದು. ಆದರೆ ಇಸ್ರೇಲ್ ಏಕಾತ್ಮಕ ರಾಜ್ಯ. ಅಲ್ಲಿ ಪಕ್ವಗೊಂಡ ಚೌಕಟ್ಟಿನಲ್ಲಿ ಒಕ್ಕೂಟದ ಘಟಕವು ‘ರಾಜಕೀಯ ರಚನೆ’ ಎಂಬ ಶೀರ್ಷಿಕೆಯೊಳಗೆ ಅಡಗಿ, ಪರಿಸರದ ಒಂದು ಅಂಶವಾಗುತ್ತದೆಯೇ ಹೊರತು ನಿರ್ಣಾಯಕರ ಸಾಲಿಗೆ ಸೇರುವುದಿಲ್ಲ. ಬ್ರೆಚರ್ ನೆಲೆಸಿದ್ದ ಮಾಂಟ್ರಿಯಲ್‌ನಲ್ಲಿಯೇ 1965ರ ಏಪ್ರಿಲ್‌ನಲ್ಲಿ ಕ್ವಿಬೆಕ್‌ನ ಸಚಿವ ಪಾಲ್ ಜೆರಾಂ-ಲಾಜ್ವಾ, ಪ್ರಾಂತದ ಆಂತರಿಕ ಅಧಿಕಾರಗಳು ಗಡಿಯಾಚೆಗೂ ಚಾಚುತ್ತವೆಂದು ವಿದೇಶೀ ಕಾನ್ಸಲರ ಮುಂದೆ ಪ್ರತಿಪಾದಿಸಿದ್ದರೆಂಬುದನ್ನು ನೆನೆದರೆ ಈ ಕೊರತೆ ಸೋಜಿಗ ತರುತ್ತದೆ.

ಭಾರತದ ಮಟ್ಟಿಗೆ ಇದು ಕೇವಲ ವಿಧಾನದ ಚರ್ಚೆಯಲ್ಲ. ಸಂವಿಧಾನದ 253ನೆಯ ಅನುಚ್ಛೇದದಂತೆ, ಒಪ್ಪಂದಗಳ ಜಾರಿಗಾಗಿ ರಾಜ್ಯಪಟ್ಟಿಯ ವಿಷಯದಲ್ಲಿಯೂ ಸಂಸತ್ತು ಶಾಸನ ಮಾಡಬಲ್ಲದು. ಅಕ್ಷರಶಃ ಓದಿದರೆ ರಾಜ್ಯಗಳಿಗೆ ಇಲ್ಲಿ ಮಾತೇ ಇಲ್ಲ. ಆದರೂ 1996ರ ಗಂಗಾ ಒಪ್ಪಂದಕ್ಕೆ ಹಾದಿ ಸುಗಮಗೊಳಿಸಿದವರಲ್ಲಿ ಜ್ಯೋತಿ ಬಸು ಒಬ್ಬರು. 2011ರ ಸೆಪ್ಟೆಂಬರ್‌ನಲ್ಲಿ ಮಮತಾ ಬ್ಯಾನರ್ಜಿ ಢಾಕಾ ಪ್ರವಾಸದಿಂದ ಹಿಂದೆ ಸರಿದಾಗ ತೀಸ್ತಾ ಒಪ್ಪಂದಕ್ಕೆ ಸಹಿ ಬೀಳಲಿಲ್ಲ. ಕಾನೂನಿನ ಅಧಿಕಾರ ದೆಹಲಿಯಲ್ಲಿತ್ತು, ತಡೆಯುವ ಶಕ್ತಿ ಕೋಲ್ಕತ್ತದಲ್ಲಿತ್ತು. ಆ ಮುಖ್ಯಮಂತ್ರಿಯನ್ನು ‘ಪರಿಸರ’ವೆಂದು ಕರೆದರೆ ನಡೆದದ್ದು ಅರ್ಥವಾಗುವುದಿಲ್ಲ, ಉತ್ತರ ಬಂಗಾಳದ ನೀರನ್ನು ಅವರು ಹೇಗೆ ಗ್ರಹಿಸಿದ್ದರೆಂಬುದೂ ಪ್ರಧಾನಿಯ ಗ್ರಹಿಕೆಯಷ್ಟೇ ಅಧ್ಯಯನಾರ್ಹ. ಇದನ್ನು ಕೇಳುವುದಕ್ಕೆ ಬೇಕಾದ ಪರಿಕರ ಬ್ರೆಚರ್ ಅವರಲ್ಲಿಯೇ ಇದೆ. ಅದನ್ನು ಅವರು ರಾಜಧಾನಿಯಾಚೆಗೆ ಒಯ್ಯಲಿಲ್ಲ, ಅಷ್ಟೆ.

ಅವರು 1975ರಲ್ಲಿ ಆರಂಭಿಸಿದ ಅಂತರರಾಷ್ಟ್ರೀಯ ಬಿಕ್ಕಟ್ಟುಗಳ ಯೋಜನೆಯು ಸಶಸ್ತ್ರ ಸಂಘರ್ಷದ ಸಂಭವ ಹೆಚ್ಚಿದ ಸನ್ನಿವೇಶಗಳನ್ನೇ ಲೆಕ್ಕಕ್ಕೆ ಹಿಡಿಯಿತು. ತೀಸ್ತಾದಂಥ, ಗುಂಡಿನ ಸದ್ದಿಲ್ಲದೆ ನಿಂತುಹೋದ ನಿರ್ಣಯಕ್ಕೆ ಆ ಕೋಷ್ಟಕದಲ್ಲಿ ಅಂಕಣವಿಲ್ಲ.